ರುಮಾಲಿನೊಳಗಿನ ನ್ಯಾಯ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಇನ್ನೂ ಬೀಳದೆ ನಿಂತಿರುವ ಒಂದೊಂದು ಹಳೆಯ ವಾಡೆಯ ಒಳಕೋಣೆಯಲ್ಲಿ, ದೇವರ ಜಗಲಿಗಿಂತ ಒಂದು ಮೊಳ ಎತ್ತರದಲ್ಲಿ, ಗೋಡೆಗೆ ಸೇರಿಸಿದ ಹಲಗೆಯ ಮೇಲೆ, ನಾಲ್ಕು ಮೂಲೆಗಳನ್ನೂ ಎಳೆದು ಬಿಗಿದು ಗಂಟು ಹಾಕಿದ, ರುಮಾಲೆಂಬ ಕೆಂಪು ಬಟ್ಟೆಯ ಕಟ್ಟೊಂದು ಇರುವುದುಂಟು. ವರ್ಷಕ್ಕೊಮ್ಮೆ ಮಹಾನವಮಿಯ ದಿನ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಕುಂಕುಮವೇರಿಸಿ, ಬಿಚ್ಚದೆಯೇ ಮರಳಿ ಮೇಲಿಡುವರು. ದಾಯಾದಿಗಳಲ್ಲಿ ಹೊಲದ ವಾಟಣಿಯ ತಂಟೆ ಹುಟ್ಟಿದಾಗ ಮಾತ್ರ ಗಂಟು ಸಡಿಲಾಗುವುದು.

ಸಡಿಲಾದಾಗ ಒಳಗಿನಿಂದ ಹೊರಬರುವುದು, ಗೇಣಗಲದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮಾರುದ್ದ ಬೆಳೆಸಿದ ಕಂದುಬಣ್ಣದ ಕಾಗದದ ಪಟ್ಟಿ. ಮನೆಯ ಹಿರಿಯ ಮಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡುವನು. ಯಾವುದು ತಲೆ, ಯಾವುದು ಬುಡವೆಂಬುದೇ ಗೊತ್ತಾಗದು. ವಕೀಲರು ಕನ್ನಡಕವನ್ನು ಹಣೆಗೇರಿಸಿ, ಇದು ಮೋಡಿ, ಇದನ್ನು ಓದುವವರು ಈಗ ಸಿಗುವುದು ಕಷ್ಟ, ಎಂದು ಹೇಳಿ ಕಾಗದವನ್ನು ಮಡಿಸಿ ಹಿಂದಕ್ಕೆ ಕೊಡುವರು. ಆ ಮನೆತನದ ಭೂಮಿ, ಗೌರವ, ಗೌಡಕಿ ಅಥವಾ ದೇಸಗತಿ, ಇವೆಲ್ಲವೂ ಯಾವ ಬರಹದ ಆಧಾರದ ಮೇಲೆ ಇನ್ನೂರು ವರ್ಷ ನಿಂತಿದ್ದುವೋ ಆ ಬರಹವು ಆ ಮನೆಯವರಿಗೇ ಮೂಕವಾಗಿರುವುದು.

ಇಂಥ ಕಾಗದಗಳನ್ನು ಕುರಿತು ನಮ್ಮ ಜನರಲ್ಲಿ ಅರ್ಧ ತಿಳುವಳಿಕೆಯೊಂದು ರೂಢಿಯಲ್ಲಿದೆ: ಇವು ಹಿಂದಿನ ರಾಜರು ಒಲಿದು ಕೊಟ್ಟ ದಾನಪತ್ರಗಳು ಎಂಬುದೇ ಅದು. ಕೆಲವು ದಾನಪತ್ರಗಳೇ ನಿಜ. ಆದರೆ ಬಹುಭಾಗವು ವ್ಯಾಜ್ಯದ ಕಾಗದಗಳು, ಲೆಕ್ಕದ ಕಾಗದಗಳು. ಇನ್ನೂ ಸರಿಯಾಗಿ ಹೇಳುವುದಾದರೆ, ಏಕಕಾಲದಲ್ಲಿ ಎರಡೂ ಆದವುಗಳು. ರಾಜನ ನ್ಯಾಯಸಭೆಯೂ ರಾಜನ ಬೊಕ್ಕಸವೂ ಬೇರೆ ಬೇರೆ ಮನೆಗಳೆಂದು ಭಾವಿಸುವುದು ಈಚಿನವರ ಅಭ್ಯಾಸ. ಆ ಕಾಲದಲ್ಲಿ ಅವೆರಡರ ನಡುವೆ ಗೋಡೆಯೇ ಇರಲಿಲ್ಲ.

ಒಂದು ಹಾಳೆಯನ್ನು ಬಿಡಿಸಿ

ಮೋಡಿಯು ಅವಸರದ ಲಿಪಿ. ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಗೆರೆಯನ್ನೆಳೆದು, ಅನಂತರ ಲೇಖನಿಯನ್ನು ಆದಷ್ಟು ಮೇಲೆತ್ತದೆ ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುವನು. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಪದಕ್ಕೂ ಪದಕ್ಕೂ ನಡುವೆ ಅವಕಾಶವಿಲ್ಲ, ಪೂರ್ಣವಿರಾಮವಿಲ್ಲ. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು ಇದನ್ನು ಬಳಕೆಗೆ ತಂದನೆಂದು ಐತಿಹ್ಯವುಂಟು.

ಲಿಪಿಯ ತೊಡಕಿಗಿಂತ ಭಾಷೆಯ ತೊಡಕು ಹೆಚ್ಚಿನದು. ಹೊಲವನ್ನು ಉಳುವವನು ಆಡುತ್ತಿದ್ದುದು ಕನ್ನಡ; ಕುಲಕರ್ಣಿ ಬರೆಯುತ್ತಿದ್ದುದು ಮರಾಠಿ; ಆ ಮರಾಠಿಯಲ್ಲಿ ಆಡಳಿತದ ಶಬ್ದಗಳೆಲ್ಲ ಬಿಜಾಪುರದ ಆದಿಲಶಾಹಿಯ ಕಾಲದಿಂದ ಉಳಿದುಬಂದ ಪಾರಸಿ. ಕೂರಿಗೆಯಿಂದ ಅಳೆದ ಕನ್ನಡದ ಹೊಲವು ಮರಾಠಿಯ ವಾಕ್ಯವೊಂದರಲ್ಲಿ ಪಾರಸಿಯ ಹೆಸರನ್ನು ಹೊತ್ತು ಕುಳಿತಿರುವುದು. ಊರ ಹೆಸರುಗಳೂ, ಹೊಲದ ಎಲ್ಲೆಯಲ್ಲಿರುವ ಹಳ್ಳದ ಹೆಸರುಗಳೂ ಈ ಪ್ರಯಾಣದಲ್ಲಿ ಎಷ್ಟು ರೂಪಾಂತರ ಹೊಂದಿವೆಯೆಂದರೆ, ಸ್ಥಳವನ್ನು ಕಣ್ಣಾರೆ ಕಂಡವನಲ್ಲದೆ ಪುಣೆಯ ಪಂಡಿತನೊಬ್ಬನು ಅವನ್ನು ಗುರುತಿಸುವುದು ದುಸ್ಸಾಧ್ಯ.

ತೇದಿಯ ವಿಷಯವನ್ನೇ ನೋಡಿರಿ. ಹಾಳೆಯ ತಲೆಯಲ್ಲಿ 'ಸೀತ ಸಮಾನೀನ ಮಯಾ ವ ಅಲಫ' ಎಂದು ಬರೆದಿದ್ದರೆ, ಅದು ಆರು, ಎಂಬತ್ತು, ನೂರು ಮತ್ತು ಸಾವಿರ, ಒಟ್ಟು 1186. ಇದು ಶುಹೂರ್ ಸನ್ ಎಂಬ ಗಣನೆ. ಮೃಗಶಿರ ಮಳೆಯ ಹೊತ್ತಿಗೆ ಇದರ ಹೊಸ ವರ್ಷ ಹುಟ್ಟುವುದು, ಏಕೆಂದರೆ ಕಂದಾಯದ ವರ್ಷವೆಂದರೆ ಬಿತ್ತಿಗೆಯ ವರ್ಷವೇ. ಮಳೆಗಾಲದಿಂದ ಡಿಸೆಂಬರದವರೆಗಿನ ಕಾಗದವಾದರೆ ಅದಕ್ಕೆ 599 ಕೂಡಿಸಬೇಕು, ಜನವರಿಯಿಂದ ಮುಂದಿನದಾದರೆ 600. ಅಲ್ಲಿಗೆ ನಮ್ಮ ಹಾಳೆಯು 1785 ಇಲ್ಲವೆ 1786ರದಾಯಿತು. ಆ ಒಂದು ವರ್ಷವು ಈ ಸೀಮೆಯ ಮಟ್ಟಿಗೆ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುವುದು.

ಹಾಳೆಯ ತುದಿಯಲ್ಲಿ ಬರಹವು ಮುಗಿಯಿತೆಂದು ಸಾರುವ ಚಿಕ್ಕ ಮೊಹರು ಇರುವುದು. ಅದರ ಕೆಳಗೆ ಯಾರೂ ಒಂದು ಸಾಲನ್ನು ಹೊಸದಾಗಿ ಸೇರಿಸದಿರಲೆಂಬುದೇ ಅದರ ಉದ್ದೇಶ. ಊರವರೆಲ್ಲ ಕೂಡಿ ಮಾಡಿದ ಮಹಜರು ಆಗಿದ್ದರೆ ಸಾಕ್ಷಿಗಳ ಗುರುತುಗಳೂ ಕಾಣುವುವು. ಅಕ್ಷರ ಬಾರದ ಗೌಡನು ತನ್ನ ಹೆಸರಿನ ಮುಂದೆ ನೇಗಿಲನ್ನು ಬರೆಯಿಸುವನು, ಶೆಟ್ಟಿಯು ತಕ್ಕಡಿಯನ್ನು, ಉಳಿದ ಕಸುಬಿನವರು ತಂತಮ್ಮ ಕೈಯ ಉಪಕರಣವನ್ನು. ಹೆಬ್ಬೆಟ್ಟಿನ ಗುರುತಿಗಿಂತ ಇದು ಎಷ್ಟೋ ಮರ್ಯಾದೆಯ ಪದ್ಧತಿಯೆಂದು ನನಗೆ ತೋರುವುದು.

ಗೆದ್ದವನೂ ಕೊಡಬೇಕು, ಸೋತವನೂ ಕೊಡಬೇಕು

ಒಂದು ಊರಿನ ಗೌಡಕಿಯನ್ನು ಕುರಿತು ಅಣ್ಣನ ವಂಶಕ್ಕೂ ತಮ್ಮನ ವಂಶಕ್ಕೂ ಜಗಳ ಬಂದಿತೆಂದು ಇಟ್ಟುಕೊಳ್ಳೋಣ. ಗೌಡಕಿಯೆಂದರೆ ಬರಿಯ ಮುಂದಾಳುತನವಲ್ಲ. ಊರಿನ ಸಾರಾ ಎಂಬ ಭೂಕಂದಾಯವನ್ನು ಕೂಡಿಸಿ ಸರಕಾರಕ್ಕೆ ಮುಟ್ಟಿಸುವ ಹೊಣೆ, ಅದರ ಫಲವಾಗಿ ಬರುವ ಇನಾಮು ಭೂಮಿ, ರಾಶಿಯ ಕಾಲದಲ್ಲಿ ಬರುವ ಕಾಳಿನ ಹಕ್ಕು, ಹಬ್ಬದಲ್ಲಿ ಮೊದಲ ವೀಳ್ಯ, ಇವೆಲ್ಲ ಕೂಡಿದ ವತನವದು. ಆದುದರಿಂದ ಅಂಥ ವ್ಯಾಜ್ಯವು ಏಕಕಾಲದಲ್ಲಿ ಕುಲದ ವ್ಯಾಜ್ಯವೂ ಕಂದಾಯದ ವ್ಯಾಜ್ಯವೂ ಆಗಿರುತ್ತಿದ್ದಿತು.

ಉಭಯಪಕ್ಷದವರೂ ಮೊದಲು ಪಂಚರ ತೀರ್ಮಾನಕ್ಕೆ ಒಪ್ಪುವೆವೆಂದು ರಾಜಿನಾಮೆಯನ್ನು ಬರೆದುಕೊಟ್ಟು, ಅದಕ್ಕೆ ಜಾಮೀನುದಾರರನ್ನು ನಿಲ್ಲಿಸಬೇಕು. ಅನಂತರ ಪ್ರತಿಯೊಬ್ಬನೂ ತನ್ನ ಮೂಲಪುರುಷನಿಂದ ಹಿಡಿದು ತನ್ನವರೆಗಿನ ವೃತ್ತಾಂತವನ್ನು ಹೇಳುವನು. ಬರಹಗಾರನು ಅದನ್ನು ಹಾಗೆಯೇ ಇಳಿಸುವನು. ಯಾವ ಬರದಲ್ಲಿ ಯಾರು ಊರು ಬಿಟ್ಟರು, ಯಾವ ದಂಡು ಬಂದಾಗ ಕಾಗದಗಳು ಸುಟ್ಟುಹೋದುವು, ಯಾವ ಅಜ್ಜನು ಮಕ್ಕಳಿಲ್ಲದೆ ತೀರಿಕೊಂಡನು, ಇವೆಲ್ಲವೂ ಬರುವುವು. ಅರಮನೆಯ ಬಖರುಗಳಲ್ಲಿ ಎಂದಿಗೂ ಕಾಣದ ಜನಸಾಮಾನ್ಯರ ಇತಿಹಾಸವು, ಸ್ವಾರ್ಥದ ಬಣ್ಣ ಬಳಿದುಕೊಂಡೇ ಆಗಲಿ, ಸಿಕ್ಕುವುದಾದರೆ ಈ ಹೇಳಿಕೆಗಳಲ್ಲಿಯೇ.

ಸಾಕ್ಷಿಗಳೂ ಕಾಗದಗಳೂ ಎರಡು ಕಡೆಗೂ ಸರಿಸಮವಾದಾಗ ದಿವ್ಯವೊಂದು ಉಳಿಯುತ್ತಿದ್ದಿತು: ಕಾದ ಎಣ್ಣೆಯಿಂದ ಲೋಹದ ತುಂಡನ್ನು ಎತ್ತಿ ತೆಗೆದು, ಕೈಯನ್ನು ಬಟ್ಟೆಯಿಂದ ಸುತ್ತಿ ಮೊಹರು ಮಾಡಿ, ಕೆಲವು ದಿನಗಳ ಮೇಲೆ ಬಿಚ್ಚಿ ನೋಡುವುದು. ಆದರೆ ಇದು ಅಪೂರ್ವ. ಸಾಮಾನ್ಯವಾಗಿ ನಿವಾಡಪತ್ರವೆಂಬ ತೀರ್ಪಿನಲ್ಲಿ ವ್ಯಾಜ್ಯವು ಮುಗಿಯುವುದು. ವಾದಿಯ ಮಾತು, ಪ್ರತಿವಾದಿಯ ಮಾತು, ಸಾಕ್ಷಿಗಳ ಮಾತು, ಇಷ್ಟನ್ನೂ ಸಂಗ್ರಹಿಸಿ ತೀರ್ಮಾನವನ್ನು ಹೇಳುವ ಆ ಪತ್ರವು ಕೆಲವೊಮ್ಮೆ ಹತ್ತು ಮೊಳ ಉದ್ದವಾಗುವುದು. ಪುಣೆಯಲ್ಲಿ ಮುಖ್ಯ ನ್ಯಾಯಾಧೀಶನಾಗಿದ್ದು 1789ರಲ್ಲಿ ತೀರಿಕೊಂಡ ರಾಮಶಾಸ್ತ್ರಿ ಪ್ರಭುಣೆಯ ಕೀರ್ತಿಯು ಈ ಬಗೆಯ ಪತ್ರಗಳ ಮೂಲಕವೇ ನಾಡಿನ ಮೂಲೆಮೂಲೆಗೆ ಹಬ್ಬಿದುದು.

ಇಲ್ಲಿಗೆ ಬೊಕ್ಕಸದ ಪ್ರವೇಶ. ಗೆದ್ದವನು ಸರಕಾರಕ್ಕೆ 'ಹರ್ಕಿ' ಎಂಬ ಸಂತೋಷದ ಕಾಣಿಕೆಯನ್ನು ಸಲ್ಲಿಸಬೇಕು. ಸೋತವನು ಸುಳ್ಳು ಹೂಡಿದುದಕ್ಕಾಗಿ 'ಗುನ್ಹೆಗಾರಿ' ಎಂಬ ದಂಡವನ್ನು ತೆರಬೇಕು. ಸಾಲದ ವ್ಯಾಜ್ಯವಾದರೆ ವಸೂಲಾದ ಹಣದಲ್ಲಿ ನಾಲ್ಕನೆಯ ಒಂದು ಪಾಲು ಸರಕಾರದ್ದು. ಇವೆಲ್ಲವೂ ಆಯಾ ಪರಗಣೆಯ ಜಮಾಬಂದಿಯ ಲೆಕ್ಕದಲ್ಲಿ, ಹೊಲದ ಸಾರಾ, ಸಂತೆಯ ಸುಂಕಗಳ ಜೊತೆಜೊತೆಗೇ ಜಮೆಯಾಗುವುವು. ಪೇಶ್ವೆಯ ರಾಜ್ಯವನ್ನು ಬ್ರಿಟಿಷರು ಗೆದ್ದ ಮೇಲೆ ಅವರ ಅಧಿಕಾರಿ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಈ ಪದ್ಧತಿಯ ಗುಣದೋಷಗಳೆರಡನ್ನೂ ಬಿಡಿಸಿ ಹೇಳಿದ್ದಾನೆ. ಇದರ ವಿಳಂಬವನ್ನೂ ಲಂಚವನ್ನೂ ಬಯಲಿಗೆಳೆದ ಅವನೇ, ಪಂಚಾಯಿತಿಯ ನ್ಯಾಯವನ್ನು ಜನರು ನಂಬಿದ್ದರೆಂಬುದನ್ನೂ ಮುಚ್ಚಿಡಲಿಲ್ಲ.

ಸೂಡಿಯ ಕಲ್ಲಿನಲ್ಲಿಯೂ ಇದೇ ಮಾತು

ಹಕ್ಕಿಗೂ ಅದರ ಬರಹಕ್ಕೂ ಇರುವ ನಂಟು ಮರಾಠರಿಂದ ಹುಟ್ಟಿದುದಲ್ಲ. ಗಜೇಂದ್ರಗಡಕ್ಕೆ ಅನತಿದೂರದ ಸೂಡಿಯಲ್ಲಿ, ಜೋಡು ಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಬರುವವರು ಸಾಮಾನ್ಯವಾಗಿ ಕಡೆಗಣಿಸುವ ಶಾಸನಗಳಿವೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ 11ನೆಯ ಶತಮಾನದ ಒಂದು ಶಾಸನವು, ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಹಳೆಯ ಕಟ್ಟಳೆಯನ್ನು ಹೊಸದಾಗಿ ಬರೆದುಕೊಟ್ಟ ವಿಷಯವನ್ನು ಹೇಳುವುದು. ಹೊಸದಾಗಿ ಏಕೆಂದರೆ, ಚೋಳರೊಡನೆ ನಡೆದ ಯುದ್ಧದ ಗಲಭೆಯಲ್ಲಿ ಹಿಂದಿನದು ಅಳಿದುಹೋಗಿದ್ದಿತು. ದಂಡು ಬಂದು ಕಾಗದ ಹೋಯಿತೆಂದು ಏಳು ನೂರು ವರ್ಷಗಳ ಮೇಲೆ ಮೋಡಿಯಲ್ಲಿ ಬರೆಯಿಸಿದ ಗೌಡನು ಹೊಸದೇನನ್ನೂ ಹೇಳಲಿಲ್ಲ.

ನರಗುಂದದ ಕಪ್ಪ

ಇನ್ನು ಮೊದಲು ಬಿಡಿಸಿದ ಹಾಳೆಯ ಆ ಶುಹೂರ್ 1186ರ ವರ್ಷಕ್ಕೆ ಬರೋಣ. ನರಗುಂದದ ಸಂಸ್ಥಾನಿಕ ವೆಂಕಟರಾವ್ ಭಾವೆಯು ಹಿಂದೆ ಪೇಶ್ವೆಯ ಆಶ್ರಿತನಾಗಿದ್ದವನು. 1778ರ ಸುಮಾರಿಗೆ ಕೃಷ್ಣೆಯ ದಕ್ಷಿಣದ ಈ ಪ್ರದೇಶವನ್ನು ಹೈದರ ಅಲಿ ವಶಪಡಿಸಿಕೊಂಡಾಗ, ನಿರ್ದಿಷ್ಟವಾದ ಕಪ್ಪವನ್ನು ಕೊಡುವ ಒಪ್ಪಂದದ ಮೇಲೆ ಅವನು ಹೈದರನ ಅಧೀನನಾದನು. ಹೈದರನು ತೀರಿಕೊಂಡ ಮೇಲೆ ಟೀಪೂ ಸುಲ್ತಾನನು ಹೆಚ್ಚಿನ ಕಪ್ಪವನ್ನು ಕೇಳಿದನು. ವೆಂಕಟರಾಯನೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ಪುಣೆಯ ಕಡೆಗೆ ಕೈಚಾಚಿದರು.

ಆಗ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನು ಎತ್ತಿದ ವಾದವು, ಯುದ್ಧಕ್ಕೆ ಮುಂಚಿನ ಗರ್ಜನೆಯಾಗಿರದೆ, ಶುದ್ಧಾಂಗವಾಗಿ ಒಂದು ನ್ಯಾಯಶಾಸ್ತ್ರದ ವಾದವಾಗಿದ್ದಿತೆಂಬುದು ಗಮನಾರ್ಹ. ಗ್ರಾಂಟ್ ಡಫ್‌ನು 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿ ಅದರ ಸಾರಾಂಶವಿದೆ. ಪ್ರಾಂತವು ಒಬ್ಬ ಅರಸನಿಂದ ಇನ್ನೊಬ್ಬನಿಗೆ ಕೈಬದಲಾಯಿಸಿದ ಮಾತ್ರಕ್ಕೆ ಜಹಗೀರುದಾರರ ಮೇಲೆ ಹೊಸ ಹೇರಿಕೆಯನ್ನು ಹೊರಿಸುವಂತಿಲ್ಲ. ದ್ರೋಹ ಮಾಡದ ಸಂಸ್ಥಾನಿಕರ ಹಕ್ಕುಗಳನ್ನು ಎಲ್ಲ ಪ್ರಭುಗಳೂ ಮನ್ನಿಸುತ್ತ ಬಂದಿರುವರು. ಇದು ನಾನಾನ ಪಕ್ಷ. ನನ್ನ ಪ್ರಜೆಗಳಿಂದ ನಾನು ಬೇಕಾದಷ್ಟನ್ನು ವಸೂಲು ಮಾಡುವೆನು. ಇದು ಟೀಪೂವಿನ ಉತ್ತರ. ಅರಸನಿಗೆ ಹೊಸ ತೆರಿಗೆಯನ್ನು ಹಾಕುವ ಅಧಿಕಾರ ತನ್ನಿಂದಲೇ ಬಂದುದೋ, ರೂಢಿಯು ಅದಕ್ಕೆ ಮೇರೆಯೋ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಇಟ್ಟ ಸಂದರ್ಭಗಳು ನಮ್ಮ ಇತಿಹಾಸದಲ್ಲಿ ವಿರಳ.

ಪ್ರಶ್ನೆಯನ್ನು ಕೇಳಿ ತೀರ್ಪು ಕೊಡುವ ಮೂರನೆಯವರು ಇರಲಿಲ್ಲವಾದುದರಿಂದ ಅದು ತೋಪುಗಳ ಪಾಲಾಯಿತು. 1785ರ ಮಳೆಗಾಲದಲ್ಲಿ ನರಗುಂದವು ಬಿದ್ದಿತು. ವೆಂಕಟರಾಯನೂ ಕಾಳೋಪಂತನೂ ಸೆರೆಯಾಗಿ ಕಬ್ಬಾಳದುರ್ಗಕ್ಕೆ ಹೋದರು. ಮರುವರ್ಷ ಮರಾಠರೂ ನಿಜಾಮನೂ ಕೂಡಿ ಬಾದಾಮಿಯನ್ನೂ ಅದರ ಬೆನ್ನಿಗೆ ಗಜೇಂದ್ರಗಡವನ್ನೂ ಹಿಡಿದರು. 1787ರ ಕೌಲು ಇತಿಹಾಸದಲ್ಲಿ ನಮ್ಮ ಊರಿನ ಹೆಸರಿನಿಂದಲೇ, ಗಜೇಂದ್ರಗಡದ ಒಪ್ಪಂದವೆಂದು, ಪ್ರಸಿದ್ಧವಾಗಿರುವುದು. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ ಹಿಂದಿರುಗಿದುವು, ಅದವಾನಿಯು ನಿಜಾಮನಿಗೆ, ಬಾಕಿಯ ಕಪ್ಪದ ಬಾಬಿನಲ್ಲಿ ಟೀಪೂ ಹತ್ತಾರು ಲಕ್ಷ ರೂಪಾಯಿಗಳನ್ನು ಕೊಡಲೊಪ್ಪಿದನು. ಕೋಟೆಯನ್ನು ನೋಡಬರುವ ಶಾಲೆಯ ಮಕ್ಕಳಿಗೆ ಆನೆಯಾಕಾರದ ಗುಡ್ಡವನ್ನು ತೋರಿಸುವ ನಾವು, ಈ ಕಾಳಗದ ಮೂಲದಲ್ಲಿದ್ದುದು ತೆರಿಗೆಯ ಒಂದು ತಕರಾರು ಎಂಬುದನ್ನೂ ಹೇಳಬಹುದಾಗಿದೆ.

ಲಂಡನ್ನಿನ ಚರ್ಮದ ಸುರುಳಿಗಳು

ಅರಸನು ತನ್ನಿಷ್ಟದಂತೆ ಹೊಸ ತೆರಿಗೆಯನ್ನು ಹಾಕಬಹುದೇ ಎಂಬ ಇದೇ ಪ್ರಶ್ನೆಯು ನೂರೈವತ್ತು ವರ್ಷಗಳ ಮುಂಚೆ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರ ಮುಂದೆ ಬಂದಿದ್ದಿತು. ಅದನ್ನು ಇಲ್ಲಿ ಹೇಳಬೇಕಾದುದೇಕೆಂದರೆ, ಆ ದೇಶದ ಕಚೇರಿಗಳ ಅಭ್ಯಾಸವೇ ಮುಂದೆ ನಮ್ಮ ವಾಡೆಗಳ ಬಾಗಿಲನ್ನು ತಟ್ಟಿತು.

ಆ ದೇಶದ ಎಕ್ಸ್‌ಚೆಕರ್ ಎಂಬುದು ಬೊಕ್ಕಸದ ಲೆಕ್ಕದ ಕಚೇರಿಯೂ ಹೌದು, ರಾಜಾದಾಯದ ವ್ಯಾಜ್ಯಗಳನ್ನು ಕೇಳುವ ನ್ಯಾಯಾಲಯವೂ ಹೌದು; ಹರ್ಕಿ, ಗುನ್ಹೆಗಾರಿಗಳ ನಾಡಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯ ದಾಖಲೆಗಳು ಕುರಿಯ ಚರ್ಮದ ಸುರುಳಿಗಳ ಮೇಲೆ, ಲ್ಯಾಟಿನ್ ಭಾಷೆಯಲ್ಲಿ, ಕಚೇರಿಯವರಲ್ಲದೆ ಅನ್ಯರು ಓದಲಾಗದ ಒಂದು ಮುರುಕು ಬರಹದಲ್ಲಿ ಇದ್ದುವು. ವಕೀಲರು ತಮಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಕೆಟ್ಟುಹೋದ ಫ್ರೆಂಚಿನಲ್ಲಿ. ನ್ಯಾಯಾಲಯದ ಕಾಗದಗಳು ಇಂಗ್ಲಿಷಿನಲ್ಲಿ, ಎಲ್ಲರೂ ಓದಬಲ್ಲ ಅಕ್ಷರದಲ್ಲಿ ಇರಬೇಕೆಂಬ ಕಾಯಿದೆಯು ಜಾರಿಗೆ ಬಂದುದು 1733ರಲ್ಲಿ. ಪ್ರಜೆಯ ಭಾಷೆ ಒಂದು, ಬರಹದ ಭಾಷೆ ಇನ್ನೊಂದು ಎಂಬ ಸಂಕಟವು ನಮ್ಮೊಬ್ಬರದೇ ಅಲ್ಲ.

1606ರಲ್ಲಿ ಬೇಟ್ ಎಂಬ ವರ್ತಕನು ಆಮದು ಮಾಡಿದ ಒಣದ್ರಾಕ್ಷಿಯ ಮೇಲೆ ಜೇಮ್ಸ್ ರಾಜನು ಪಾರ್ಲಿಮೆಂಟನ್ನು ಕೇಳದೆ ಹಾಕಿದ ಸುಂಕವನ್ನು ಎಕ್ಸ್‌ಚೆಕರ್ ನ್ಯಾಯಾಧೀಶರು ಎತ್ತಿಹಿಡಿದರು. ಅವನ ಮಗ ಚಾರ್ಲ್ಸನು ಹಡಗುಪಡೆಯ ಹೆಸರಿನಲ್ಲಿ ದೇಶಕ್ಕೆಲ್ಲ ತೆರಿಗೆಯನ್ನು ಹೇರಿದಾಗ, ಜಾನ್ ಹ್ಯಾಂಪ್ಡೆನ್ ಎಂಬ ಭೂಮಾಲಿಕನು ತನ್ನ ಪಾಲಿಗೆ ಬಂದ 20 ಷಿಲಿಂಗುಗಳನ್ನು ಕೊಡೆನೆಂದನು. 12 ಮಂದಿ ನ್ಯಾಯಾಧೀಶರಲ್ಲಿ 7 ಮಂದಿ ರಾಜನ ಪಕ್ಷ, 5 ಮಂದಿ ಹ್ಯಾಂಪ್ಡೆನ್ನನ ಪಕ್ಷ. ರಾಜನು ಗೆದ್ದನು, ಆದರೆ ಸೋತ ಪಕ್ಷದ ನ್ಯಾಯಾಧೀಶರ ವಾದಗಳನ್ನು ಜನರು ಕೈಬರಹದಲ್ಲಿ ಪ್ರತಿಮಾಡಿಕೊಂಡು ಊರಿಂದೂರಿಗೆ ಹಂಚಿದರು. ಹಸ್ತಪ್ರತಿಗಳ ಶಕ್ತಿಯನ್ನು ರಾಜನು ಬಲ್ಲವನಾಗಿದ್ದನೆಂಬುದಕ್ಕೆ ಇನ್ನೊಂದು ನಿದರ್ಶನವಿದೆ: 1634ರಲ್ಲಿ ನ್ಯಾಯವೇತ್ತ ಎಡ್ವರ್ಡ್ ಕೋಕ್‌ನು ಮರಣಶಯ್ಯೆಯಲ್ಲಿದ್ದಾಗ, ಚಾರ್ಲ್ಸನ ಅಪ್ಪಣೆಯಂತೆ ಅಧಿಕಾರಿಗಳು ಅವನ ಮನೆಯನ್ನು ಶೋಧಿಸಿ ಕಾಗದಗಳನ್ನು ಹೊತ್ತೊಯ್ದರು. ಅವುಗಳಲ್ಲಿದ್ದ ಗ್ರಂಥಭಾಗಗಳು ಅಚ್ಚಾದುದು ಪಾರ್ಲಿಮೆಂಟಿನ ಕೈ ಮೇಲಾದ ಬಳಿಕವೇ.

ಇದಕ್ಕೂ ಹಳೆಯದಾದ ಇನ್ನೊಂದು ಅಭ್ಯಾಸವುಂಟು. 1278ರಿಂದ ಮುಂದೆ ಒಂದನೆಯ ಎಡ್ವರ್ಡ್ ರಾಜನು ತನ್ನ ಸರದಾರರನ್ನು ನಿಲ್ಲಿಸಿ, ನೀವು ಅನುಭವಿಸುತ್ತಿರುವ ಹಕ್ಕುಗಳು ಯಾವ ಸನದಿನ ಮೇಲೆ, ತೋರಿಸಿ ಎಂದು ವಿಚಾರಣೆ ನಡೆಸಿದನು. ಸರದಾರನೊಬ್ಬನು ತುಕ್ಕುಹಿಡಿದ ಕತ್ತಿಯನ್ನು ಹಿರಿದು, ನನ್ನ ಹಿರಿಯರ ಸನದು ಇದೇ, ಎಂದನೆಂಬ ಕಥೆಯಿದೆ. ಕಡೆಗೆ 1290ರಲ್ಲಿ ರಾಜಿಯಾಯಿತು: 1189ಕ್ಕೆ ಹಿಂದಿನಿಂದಲೂ ಅವಿಚ್ಛಿನ್ನವಾಗಿ ಅನುಭವಿಸುತ್ತ ಬಂದವರಿಗೆ ಕಾಗದವಿಲ್ಲದಿದ್ದರೂ ಹಕ್ಕು ಉಳಿಯುವುದು.

ಸನದು ತೋರಿಸಿ

1818ರಲ್ಲಿ ಪೇಶ್ವೆಯ ರಾಜ್ಯವು ಮುಗಿದಾಗ ಎಲ್ಫಿನ್‌ಸ್ಟನ್ನನು ಸಾತಾರದಿಂದ ಹೊರಡಿಸಿದ ಜಾಹೀರನಾಮೆಯಲ್ಲಿ ವತನಗಳನ್ನೂ ಇನಾಮುಗಳನ್ನೂ ಕಾಪಾಡಲಾಗುವುದೆಂದು ಹೇಳಿದ್ದಿತು. ಜನರು ನಂಬಿದರು. ಅಷ್ಟರಲ್ಲಿ ಪೇಶ್ವೆಯ ದಫ್ತರವೆಲ್ಲ, ಬಟ್ಟೆಯ ರುಮಾಲುಗಳಲ್ಲಿ ಕಟ್ಟಿದ ಕೋಟಿಗಟ್ಟಲೆ ಕಾಗದಗಳೊಡನೆ, ಹೊಸ ಸರಕಾರದ ವಶವಾಯಿತು.

1843ರಲ್ಲಿ ಧಾರವಾಡ ಬೆಳಗಾವಿಗಳನ್ನೊಳಗೊಂಡ ದಕ್ಷಿಣ ಮಹಾರಾಷ್ಟ್ರ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯು ಇನಾಮುಗಳ ವಿಚಾರಣೆಯನ್ನು ಆರಂಭಿಸಿದನು. 1852ರ 11ನೆಯ ಕಾಯಿದೆಯಿಂದ ಅದಕ್ಕೆ ಶಾಸನದ ಬಲವು ಬಂದಿತು. ಇದೇ ಇನಾಮ್ ಕಮಿಷನ್. ಅದರ ಕೆಲಸದ ಕ್ರಮವು ಸರಳ, ಮತ್ತು ಆ ಸರಳತೆಯಲ್ಲಿಯೇ ಅದರ ಭೀಕರತೆ. ಊರಿನ ಕುಲಕರ್ಣಿ, ದೇಸಾಯಿ, ದೇಶಪಾಂಡೆಗಳ ಮನೆಯ ದಫ್ತರಗಳನ್ನು ಮೊದಲು ವಶಕ್ಕೆ ತೆಗೆದುಕೊಳ್ಳುವುದು; ಇನಾಮುದಾರನನ್ನು ಕರೆದು ಸನದನ್ನು ಕೇಳುವುದು; ಅವನು ತೋರಿಸಿದುದನ್ನು ಪುಣೆಯ ರುಮಾಲುಗಳೊಡನೆ ತಾಳೆ ನೋಡುವುದು; ತಾಳೆ ಬೀಳದಿದ್ದರೆ ಭೂಮಿಗೆ ಪೂರ್ಣ ಸಾರಾ ವಿಧಿಸುವುದು.

ಕೂಟಸನದುಗಳು ಇರಲಿಲ್ಲವೆಂದಲ್ಲ, ಧಾರಾಳವಾಗಿ ಇದ್ದುವು. ರಾಜ್ಯಗಳು ಕುಸಿಯುವ ಕಾಲದಲ್ಲಿ ಕುಲಕರ್ಣಿಯ ಲೇಖನಿಯಷ್ಟು ಫಲವತ್ತಾದುದು ಬೇರೊಂದಿಲ್ಲ. ಸರಕಾರಕ್ಕೆ ಸಲ್ಲಬೇಕಾದುದನ್ನು ಸುಳ್ಳು ಕಾಗದದಿಂದ ನುಂಗಿದವರನ್ನು ಹಿಡಿದುದರಲ್ಲಿ ಅನ್ಯಾಯವೇನೂ ಇಲ್ಲ.

ಅನ್ಯಾಯವಿದ್ದುದು ಕಾಲಮಿತಿಯ ನಿಯಮದಲ್ಲಿ. ಸನದಿಲ್ಲದಿದ್ದರೂ, ಬ್ರಿಟಿಷರ ಆಳಿಕೆ ಬರುವುದಕ್ಕೆ ಹಿಂದಿನ 60 ವರ್ಷ ಎಡೆಬಿಡದೆ ಅನುಭವಿಸಿದ್ದು, ಆ ಹೊತ್ತಿಗೆ ಮೂಲಪುರುಷನ ಮೊಮ್ಮಗನ ಅಥವಾ ಅವನ ವಂಶದವನ ಕೈಯಲ್ಲಿದ್ದರೆ, ಇನಾಮು ಗಂಡುಸಂತಾನ ಇರುವವರೆಗೆ ಮುಂದುವರಿಯುವುದು. ಹಳೆಯ ಇಂಗ್ಲೆಂಡಿನ 1189ರ ಮೇರೆಯ ಇನ್ನೊಂದು ರೂಪವಿದು. ಕೇಳುವುದಕ್ಕೆ ಉದಾರವಾಗಿದೆ. ಆದರೆ 1818ರಿಂದ 60 ವರ್ಷ ಹಿಂದೆ ಹೋದರೆ 1758. ಆ ನಡುವಣ ಕಾಲದಲ್ಲಿ ನಮ್ಮ ಈ ಸೀಮೆಯು ಪೇಶ್ವೆ, ಹೈದರ, ಟೀಪೂ, ಮರಳಿ ಪೇಶ್ವೆ ಎಂದು ಕೈಯಿಂದ ಕೈಗೆ ಹೋಗಿದ್ದಿತು. ಮಲಪ್ರಭೆಯ ಈಚೆ ದಡದ ಎರೆಯ ಹೊಲವೊಂದನ್ನು ಆ ಅರುವತ್ತು ವರ್ಷ ಎಡೆಬಿಡದೆ ಅನುಭವಿಸಿ, ಪ್ರತಿಯೊಂದು ದಂಡಿನ ಕೈಯಿಂದ ಕಾಗದವನ್ನು ಉಳಿಸಿಕೊಂಡವನು ಭಾಗ್ಯವಂತನೇ ಸರಿ. ಸ್ಥಿರವಾದ ಒಂದೇ ಸಿಂಹಾಸನದ ದೇಶದಲ್ಲಿ ಹುಟ್ಟಿದ ನಿಯಮವನ್ನು ರಣಭೂಮಿಗೆ ಅನ್ವಯಿಸಿದುದೇ ಕಮಿಷನ್ನಿನ ಮೂಲದೋಷವೆಂದು ನನ್ನ ಅಭಿಪ್ರಾಯ. 1857ಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮುಂಬಯಿ ಪ್ರಾಂತದಲ್ಲಿ ಸುಮಾರು 35,000 ಹಿಡುವಳಿಗಳ ವಿಚಾರಣೆ ನಡೆದು ಸುಮಾರು 20,000 ಜಪ್ತಿಯಾದುವೆಂದು ಇತಿಹಾಸಕಾರರು ಲೆಕ್ಕ ಕೊಡುವರು.

ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಹೃದಯದಲ್ಲಿ ಬೆಂಕಿ ಹೊತ್ತಿದುದು ಈ ಕಾಲದಲ್ಲಿ. ದತ್ತು ತೆಗೆದುಕೊಳ್ಳಲು ಅನುಮತಿ ದೊರೆಯಲಿಲ್ಲ. ಶಸ್ತ್ರಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಪೊಲಿಟಿಕಲ್ ಏಜೆಂಟನಾಗಿ ಬಂದ ಮ್ಯಾನ್‌ಸನ್ ಹಿಂದೆ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ಸಂಸ್ಥಾನಿಕರಿಗೆ ಆ ಹೆಸರೇ ಸಾಕಾಗಿದ್ದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಜನರು ಮ್ಯಾನ್‌ಸನ್ನನನ್ನು ಕೊಂದರು. ಅವನ ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಲಾಯಿತು. ಕೆಲವೇ ದಿನಗಳಲ್ಲಿ ಕೋಟೆಯು ಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಹಾಡುಗಳಲ್ಲಿ ಅವನು ವೀರನಾಗಿ ಉಳಿದಿರುವನು. ಆತನು ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳ ಭಂಡಾರವನ್ನು ಕೂಡಿಸಿದ್ದ ವಿದ್ವಾಂಸನೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

ಉಳಿದ ಗಂಟುಗಳು

ದಂಗೆಯ ಬಳಿಕ ಸರಕಾರಕ್ಕೂ ವಿವೇಕ ಬಂದಿತು. 1863ರ 2ನೆಯ ಕಾಯಿದೆಯಂತೆ, ಸಾರಾದ ಒಂದು ಅಂಶವನ್ನು ಜೂಡಿಯಾಗಿ ಕೊಡಲು ಒಪ್ಪಿದ ಇನಾಮುದಾರನಿಗೆ ಮುಂದಿನ ಸನದಿನ ಶೋಧನೆಯಿಂದ ಬಿಡುಗಡೆ ದೊರೆಯಿತು. ಕಮಿಷನ್ನಿನ ವೃತ್ತಾಂತವನ್ನು ಎಥರಿಜ್ ಎಂಬ ಅಧಿಕಾರಿಯು 1873ರಲ್ಲಿ ಗ್ರಂಥರೂಪದಲ್ಲಿ ಬರೆದನು. ತನ್ನ ಕಡೆಯವರ ಸಮರ್ಥನೆಯಾದರೂ ಓದತಕ್ಕ ಪುಸ್ತಕ.

ಸ್ವಾತಂತ್ರ್ಯದ ಮೇಲೆ ಈ ಸೀಮೆಯು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರ ಶಾಸನವು ಪರಗಣೆ ಮತ್ತು ಕುಲಕರ್ಣಿ ವತನಗಳನ್ನೂ, 1952ರ ಶಾಸನವು ವೈಯಕ್ತಿಕ ಇನಾಮುಗಳನ್ನೂ ರದ್ದುಮಾಡಿದುವು. ಉಳುವವನ ದೃಷ್ಟಿಯಿಂದ ನೋಡಿದರೆ ಇದು ಬಹಳ ತಡವಾಗಿ ಬಂದ ನ್ಯಾಯ: ಪೇಶ್ವೆಯ ನಿವಾಡಪತ್ರದಲ್ಲಾಗಲಿ, ಕಮಿಷನ್ನಿನ ಕಡತದಲ್ಲಾಗಲಿ, ಅವನು ಹೆಸರಿಲ್ಲದ ರೈತನಾಗಿ ಮಾತ್ರ ಬಂದುಹೋಗುವನು. ಇನಾಮು ಉಳಿದರೆ ಇನಾಮುದಾರನಿಗೆ, ಜಪ್ತಿಯಾದರೆ ಸರಕಾರಕ್ಕೆ, ಅವನು ಕೊಡುವುದಂತೂ ತಪ್ಪಲಿಲ್ಲ.

ಹಾಗಾದರೆ ಹಕ್ಕೇ ಹೋದ ಮೇಲೆ ಈ ಕಾಗದಗಳಿಂದ ಪ್ರಯೋಜನವೇನೆಂದು ಕೇಳುವವರುಂಟು. ಗುಡಿಯ ಭೂಮಿ, ಮಠದ ಭೂಮಿ, ಮನೆತನದ ವಂಶಾವಳಿ, ಕೆರೆಯ ನೀರಿನ ಪಾಳಿ, ಊರೂರುಗಳ ನಡುವಿನ ಎಲ್ಲೆ, ಇವುಗಳ ವ್ಯಾಜ್ಯವು ಇಂದಿಗೂ ನ್ಯಾಯಾಲಯಗಳಲ್ಲಿ ನಡೆಯುತ್ತಲೇ ಇದೆ. ಮೂವತ್ತು ವರ್ಷಕ್ಕೆ ಹಳೆಯದಾದ ದಾಖಲೆಯು ಇರತಕ್ಕ ಸ್ಥಳದಿಂದಲೇ ಬಂದಿದ್ದರೆ, ಅದರ ಸಹಿ ಬರಹಗಳು ನಿಜವೆಂದು ನ್ಯಾಯಾಲಯವು ಭಾವಿಸಬಹುದೆಂಬ ನಿಯಮವು 1872ರ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದ್ದಿತು, ಅದರ ಸ್ಥಾನಕ್ಕೆ ಬಂದ ಹೊಸ ಅಧಿನಿಯಮದಲ್ಲಿಯೂ ಇದೆ. ಇರತಕ್ಕ ಸ್ಥಳವೆಂದರೆ ಆ ವಾಡೆಯ ಹಲಗೆಯೂ ಆಗಬಹುದು.

ಪುಣೆಯ ಪತ್ರಾಗಾರದಲ್ಲಿ ಪೇಶ್ವೆಯ ದಫ್ತರವು ಇಂದಿಗೂ ರುಮಾಲುಗಳಲ್ಲಿಯೇ ಇದೆ. ಗೋವಿಂದ ಸಖಾರಾಮ ಸರದೇಸಾಯಿಯವರು 1930ರಿಂದ ನಾಲ್ಕೈದು ವರ್ಷಗಳಲ್ಲಿ ಅದರಿಂದ ಆಯ್ದು 45 ಸಂಪುಟಗಳನ್ನು ಪ್ರಕಟಿಸಿದರು. ಅದು ಸಮುದ್ರದಲ್ಲಿ ಬೊಗಸೆಯಷ್ಟು. ಕರ್ನಾಟಕದ ಪರಗಣೆಗಳ ಲೆಕ್ಕಪತ್ರಗಳನ್ನು ಕನ್ನಡದ ಊರುಗಳನ್ನು ಬಲ್ಲ ಕನ್ನಡಿಗನೇ ಓದಬೇಕು. ಇಲ್ಲವಾದರೆ ಮೋಡಿಯಲ್ಲಿ ಮುರಿದ ಹೆಸರುಗಳು ಮುರಿದೇ ಉಳಿಯುವುವು. ಮೋಡಿಯನ್ನು ಕಲಿಯುವುದು ಜನರು ತಿಳಿದಷ್ಟು ದುಸ್ತರವಲ್ಲ. ದೇವನಾಗರಿಯನ್ನು ಬಲ್ಲವನು ಮನಸ್ಸಿಟ್ಟರೆ ಕೆಲವು ತಿಂಗಳಲ್ಲಿ ಅಕ್ಷರಗಳನ್ನು ಕೂಡಿಸುವನು, ಹಸ್ತಗಳ ಭೇದವನ್ನು ತಿಳಿಯಲು ಮಾತ್ರ ವರ್ಷಗಳು ಬೇಕು.

ಮನೆಯಲ್ಲಿ ಇಂಥ ಗಂಟಿರುವವರಿಗೆ ತಜ್ಞರು ಹೇಳುವ ಮಾತುಗಳು ಹೆಚ್ಚೇನಿಲ್ಲ. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚಬಾರದು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಾಸಬಾರದು, ಬಿಸಿಲಿಗೆ ಹರವಬಾರದು. ಚಿತ್ರ ತೆಗೆಯುವಾಗ ಹಾಳೆಯ ಬೆನ್ನನ್ನೂ ತೆಗೆಯಬೇಕು, ಏಕೆಂದರೆ ಬರಹಗಾರನ ಟಿಪ್ಪಣಿ, ಮೊಹರು, ಅಂಟಿಸಿದ ಕೂಡಿನ ಮೇಲಿನ ಗುರುತುಗಳು ಹಿಂಬದಿಯಲ್ಲಿಯೇ ಇರುವುವು. ಎಲ್ಲಕ್ಕಿಂತ ಮಿಗಿಲಾಗಿ, ಕಾಗದಗಳನ್ನು ಇದ್ದ ಅನುಕ್ರಮದಿಂದ ಕದಲಿಸದೆ, ಬೇಕಾದ ಒಂದನ್ನು ಮಾತ್ರ ಕಿತ್ತುಕೊಂಡು ಹೋಗದೆ, ಇಡಿಯ ರುಮಾಲನ್ನೇ ಓದುವವರ ಬಳಿಗೆ ಒಯ್ಯಬೇಕು. ಸಾರಾದ ಪಾವತಿ ಯಾವ ತೀರ್ಪಿನ ಕೆಳಗೆ ಮಡಿಸಿಟ್ಟಿದ್ದಿತೆಂಬುದರಿಂದಲೇ ಎಷ್ಟೋ ವೇಳೆ ಆ ತೀರ್ಪು ಯಾವ ಹೊಲದ್ದೆಂದು ಗೊತ್ತಾಗುವುದು.